ಹಳೆಯ ಪಿಕಪ್‌ಗೆ ಯಾವ ಆಯಿಲ್, ಯಾವ ಕೂಲೆಂಟ್, ಯಾವ ಗ್ರೀಸ್? ಹಾಕಿ ನೋಡಿದ ಮೇಲಿನ ಹೋಲಿಕೆ

ನನ್ನ ಪಿಕಪ್ ಮೂರು ಲಕ್ಷ ಕಿಲೋಮೀಟರ್ ದಾಟಿದೆ. ಟರ್ಬೊ ಇಲ್ಲದ ಹಳೆಯ ಕಾಲದ ಡೀಸೆಲ್ ಇಂಜಿನ್, ಐದು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಹಿಂದೆ ಲೀಫ್ ಸ್ಪ್ರಿಂಗ್, ಮುಂದೆ ತಾಮ್ರ-ಹಿತ್ತಾಳೆಯ ರೇಡಿಯೇಟರ್. ಕಳೆದ ಆರು ವರ್ಷಗಳಲ್ಲಿ ಇದರ ಹೆಚ್ಚಿನ ಭಾಗಗಳಿಗೆ ಕನಿಷ್ಠ ಎರಡು ಬಗೆಯ ಆಯಿಲ್ ಹಾಕಿ ನೋಡಿದ್ದೇನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿದೆ. ಐದು ಸಾವಿರ ಕಿಲೋಮೀಟರ್ ಓಡಿಸದೆ ಯಾವುದರ ಬಗ್ಗೆಯೂ ತೀರ್ಮಾನ ಬರೆಯಲಿಲ್ಲ. ಎಲ್ಲವನ್ನೂ ಪುಸ್ತಕದಲ್ಲಿ ಗುರುತು ಹಾಕಿಟ್ಟಿದ್ದರಿಂದ ಈಗ ಧೈರ್ಯವಾಗಿ ಹೇಳಬಲ್ಲೆ: ಹಳೆಯ ಗಾಡಿಯಲ್ಲಿ ಆಯಿಲ್ ಎಷ್ಟು ದುಬಾರಿ, ಎಷ್ಟು ಹೊಸದು ಅನ್ನುವುದಕ್ಕಿಂತ ಅದು ಒಳಗಿರುವ ಯಾವ ಲೋಹವನ್ನು, ಯಾವ ರಬ್ಬರನ್ನು ಮುಟ್ಟುತ್ತದೆ ಅನ್ನುವುದೇ ದೊಡ್ಡದು.

ಮೊದಲು ಇಂಜಿನ್. ಇಲ್ಲಿ ಎದುರಾಳಿಗಳು 15ಡಬ್ಲ್ಯೂ-40 ಮಿನರಲ್ ಮತ್ತು 5ಡಬ್ಲ್ಯೂ-40 ಸಿಂಥೆಟಿಕ್, ಎರಡೂ ಡೀಸೆಲ್ ಇಂಜಿನ್ನಿನವೇ. ಸಿಂಥೆಟಿಕ್ ತೆಳು, ಹಳೆಯ ಇಂಜಿನ್ನಿಗೆ ಸಲ್ಲದು ಎಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ಕೊನೆಯ 40 ಎಂಬ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಮಂದತೆಯನ್ನು, ಅಂದರೆ ಆಯಿಲ್ ಹರಿಯಲು ಎಷ್ಟು ದಪ್ಪ ಅನ್ನುವುದನ್ನು ಹೇಳುತ್ತದೆ. ಅದು ಸೆಂಟಿಸ್ಟೋಕ್ಸ್ ಎಂಬ ಅಳತೆಯಲ್ಲಿ 12.5ರಿಂದ 16.3ರ ಒಳಗೆ ಇರಬೇಕು, ಎರಡಕ್ಕೂ ಒಂದೇ ಗಡಿ. ಡಬ್ಲ್ಯೂ ಮುಂಚಿನ 15, 5 ಎಂಬ ಅಂಕಿಗಳು ಚಳಿಯಲ್ಲಿನ ದಪ್ಪವನ್ನು ಹೇಳುತ್ತವೆ, ವ್ಯತ್ಯಾಸವಿರುವುದು ಅಲ್ಲಿ ಮಾತ್ರ. ಅದು ಅನುಭವಕ್ಕೂ ಬಂತು. ಚಳಿಯ ಬೆಳಗ್ಗೆ ಸಿಂಥೆಟಿಕ್ ಇದ್ದಾಗ ಸ್ಟಾರ್ಟರ್ ಹಗುರವಾಗಿ ತಿರುಗುತ್ತಿತ್ತು, ಆಯಿಲ್ ಪ್ರೆಷರ್ ದೀಪ ಬೇಗ ಆರುತ್ತಿತ್ತು.

ಆದರೆ ಎರಡನೇ ತಿಂಗಳಿಗೆ ಇಂಜಿನ್ನಿನ ಹಿಂಬದಿಯ ಸೀಲ್ ಹತ್ತಿರ ಹನಿ ಕಾಣಿಸಿತು. ಮಿನರಲ್ ಇದ್ದಾಗ ಸಾವಿರ ಕಿಲೋಮೀಟರಿಗೆ ಸುಮಾರು 250 ಮಿಲಿ ಟಾಪ್-ಅಪ್ ಮಾಡುತ್ತಿದ್ದವನು 400 ಮಿಲಿಗೆ ಬಂದೆ. ಕಾರಣ ಇಷ್ಟೇ: ವರ್ಷಗಟ್ಟಲೆ ಗಟ್ಟಿಯಾದ ರಬ್ಬರ್ ಸೀಲಿನ ಸುತ್ತ ಕಿಟ್ಟ ಕಟ್ಟಿಕೊಂಡು, ಅದೇ ಒಂದು ಅಡ್ಡಗೋಡೆಯಂತೆ ನಿಂತಿರುತ್ತದೆ. ತೊಳೆಯುವ ಗುಣ ಚೆನ್ನಾಗಿರುವ ಆಯಿಲ್ ಆ ಕಿಟ್ಟವನ್ನು ಕರಗಿಸುತ್ತದೆ, ಒಳಗಿನ ಬಿರುಕು ಹೊರಗೆ ಬೀಳುತ್ತದೆ. ಅಂದರೆ ಆಯಿಲ್ ಸೀಲನ್ನು ಕೆಡಿಸಿದ್ದಲ್ಲ, ಕೆಟ್ಟಿದ್ದನ್ನು ತೋರಿಸಿತು. ಮತ್ತೆ ಮಿನರಲ್‌ಗೆ ಮರಳಿದೆ. ಸೋರಿಕೆ ತಗ್ಗಿತು, ಆದರೆ ನಿಲ್ಲಲಿಲ್ಲ. ಸೀಲನ್ನು ಮೆತ್ತಗೆ ಮಾಡಿ ಉಬ್ಬಿಸುವ ಬಾಟಲಿ ಔಷಧವೊಂದನ್ನೂ ಹಾಕಿ ನೋಡಿದೆ. ಎರಡು ತಿಂಗಳು ನೆಲ ಒಣಗಿತ್ತು, ಆಮೇಲೆ ಮತ್ತೆ ಹನಿ. ಕೊನೆಗೆ ಗೇರ್‌ಬಾಕ್ಸ್ ಇಳಿಸಿ ಸೀಲನ್ನೇ ಬದಲಿಸಬೇಕಾಯಿತು. ನಿಮ್ಮ ಗಾಡಿಯ ಸೀಲುಗಳು ಹೊಸದಾಗಿದ್ದರೆ, ಚಳಿ ಜಾಸ್ತಿ ಇರುವ ಕಡೆ ಓಡಿಸುತ್ತಿದ್ದರೆ ಸಿಂಥೆಟಿಕ್ ಹಾಕಿ, ಹಿಂಜರಿಯಬೇಡಿ. ನನ್ನ ಕಡೆ ಹೆಪ್ಪುಗಟ್ಟುವ ಚಳಿ ಇಲ್ಲ. ಹಾಗಾಗಿ 15ಡಬ್ಲ್ಯೂ-40 ಹಾಕಿ ಬೇಗ ಬೇಗ ಬದಲಿಸುವುದೇ ಮೇಲು ಅನ್ನಿಸಿತು.

ಡಬ್ಬದ ಮೇಲಿನ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆಯ ಅಕ್ಷರಗಳನ್ನೂ ನೋಡಿ. ಸಿಐ-4 ಬಂದಿದ್ದು 2002ರಲ್ಲಿ, ಸಿಕೆ-4 ಬಂದಿದ್ದು 2016ರ ಕೊನೆಗೆ. ಸಿಕೆ-4ನಲ್ಲಿ ಬೂದಿಯ ಅಂಶಕ್ಕೆ ಶೇ. 1ರ ಮಿತಿ ಇದೆ. ಅದು ಹೊಸ ಗಾಡಿಗಳ ಹೊಗೆ ಕೊಳವೆಯಲ್ಲಿರುವ ಫಿಲ್ಟರ್ ಕಟ್ಟಿಕೊಳ್ಳದಿರಲಿ ಎಂದು ಮಾಡಿದ್ದು. ನನ್ನ ಗಾಡಿಗೆ ಆ ಫಿಲ್ಟರೇ ಇಲ್ಲ. ಎರಡನ್ನೂ ಓಡಿಸಿದೆ, ಸದ್ದಿನಲ್ಲಾಗಲಿ, ಹೊಗೆಯಲ್ಲಾಗಲಿ, ಖರ್ಚಾಗುವ ಪ್ರಮಾಣದಲ್ಲಾಗಲಿ ಫರಕು ಸಿಗಲಿಲ್ಲ. ಯಾವುದು ಸಿಕ್ಕರೂ ಸರಿ. ಪ್ರಯೋಗಕ್ಕೂ ನಾನು ಹಾಕದೆ ಬಿಟ್ಟಿದ್ದು ಹೊಸ ಪೆಟ್ರೋಲ್ ಕಾರುಗಳ 5ಡಬ್ಲ್ಯೂ-30. ಎಸ್ಎನ್ ಎಂಬ ಪೆಟ್ರೋಲ್ ಇಂಜಿನ್ ದರ್ಜೆಯಲ್ಲಿ ಈ ತೆಳು ಆಯಿಲ್‌ಗಳಿಗೆ ರಂಜಕದ ಅಂಶ 800 ಪಿಪಿಎಂ (ಹತ್ತು ಲಕ್ಷಕ್ಕೆ 800 ಪಾಲು) ದಾಟಬಾರದೆಂಬ ನಿಯಮವಿದೆ. ಸವೆತ ತಡೆಯುವ ಸತು-ರಂಜಕದ ಮಿಶ್ರಣ ಅದರಲ್ಲಿ ಆ ಮಟ್ಟಿಗೆ ಕಡಿಮೆ. ವಾಲ್ವ್ ತೆರೆಯುವ ಕ್ಯಾಮ್ ನೇರವಾಗಿ ಟ್ಯಾಪೆಟ್ ಮೇಲೆ ಉಜ್ಜುವ ಹಳೆಯ ಇಂಜಿನ್ನಿನಲ್ಲಿ ಅದನ್ನು ಪರೀಕ್ಷಿಸಲು ಮನಸ್ಸು ಬರಲಿಲ್ಲ. ಇನ್ನೊಂದು ಮಾತು: ಹಳೆಯ ಡೀಸೆಲ್‌ನಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಅದು ಮಸಿಯನ್ನು ಹಿಡಿದಿಟ್ಟುಕೊಂಡಿದೆ ಎಂದರ್ಥ, ಕೆಟ್ಟಿದೆ ಎಂದಲ್ಲ.

ಇನ್ನು ಗೇರ್‌ಬಾಕ್ಸ್. ನನಗೆ ಹೆಚ್ಚು ನಷ್ಟವಾಗಿದ್ದೂ ಇಲ್ಲೇ, ಹೆಚ್ಚು ಕಲಿತಿದ್ದೂ ಇಲ್ಲೇ. ಗೇರ್ ಆಯಿಲ್‌ನ ದರ್ಜೆಗಳಾದ ಜಿಎಲ್-4 ಮತ್ತು ಜಿಎಲ್-5 ಅನ್ನುವುದನ್ನು ನಾನು ಬಹಳ ದಿನ ಒಳ್ಳೆಯದು, ಇನ್ನೂ ಒಳ್ಳೆಯದು ಎಂದೇ ಓದಿಕೊಂಡಿದ್ದೆ. ಐದು ದೊಡ್ಡದಲ್ಲವೇ ಎಂದು ಗೇರ್‌ಬಾಕ್ಸ್‌ಗೂ ಜಿಎಲ್-5 80ಡಬ್ಲ್ಯೂ-90 ಹಾಕಿಸಿದೆ. ಮೊದಲ ವಾರದಲ್ಲೇ ಎರಡನೇ ಗೇರು ಬೀಳುವಾಗ ಕರ್ ಎನ್ನತೊಡಗಿತು. ಬಿಸಿಯಾದ ಮೇಲೆ ಸರಿಹೋಗಬಹುದೆಂದು ಕಾದೆ. ಹತ್ತು ಸಾವಿರ ಕಿಲೋಮೀಟರ್ ಆದ ಮೇಲೆ ಇಳಿಸಿ ನೋಡಿದರೆ ಆಯಿಲ್‌ನಲ್ಲಿ ಚಿನ್ನದ ಪುಡಿ ಕಲಸಿದಂತೆ ಮಿಂಚು. ಅಯಸ್ಕಾಂತ ಅದ್ದಿದೆ, ಒಂದು ಕಣವೂ ಅಂಟಲಿಲ್ಲ. ಕಬ್ಬಿಣವಲ್ಲ, ಹಿತ್ತಾಳೆ. ಗೇರು ಬೀಳುವ ಮುಂಚೆ ಒಳಗಿನ ಎರಡು ಹಲ್ಲುಚಕ್ರಗಳ ವೇಗವನ್ನು ಸರಿದೂಗಿಸುವ ಸಿಂಕ್ರೊ ಉಂಗುರಗಳು ಸವೆದು ಪುಡಿಯಾಗಿ ಬಂದಿದ್ದವು.

ಹೀಗಾಗಲು ಎರಡು ಕಾರಣ. ಜಿಎಲ್-5ನಲ್ಲಿ ಗಂಧಕ-ರಂಜಕದ ಮಿಶ್ರಣ ಜಿಎಲ್-4ಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ. ವಿಪರೀತ ಒತ್ತಡದಲ್ಲಿ ಉಕ್ಕಿನ ಮೇಲೆ ಪದರ ಕಟ್ಟುವುದು ಅದರ ಕೆಲಸ. ಆದರೆ ಬಿಸಿಯಲ್ಲಿ ಚುರುಕಾದ ಗಂಧಕ ತಾಮ್ರವಿರುವ ಲೋಹಗಳನ್ನು ತಿನ್ನಬಲ್ಲದು. ಎರಡನೆಯದು, ಸಿಂಕ್ರೊ ಉಂಗುರ ಕೆಲಸ ಮಾಡುವುದು ಘರ್ಷಣೆಯಿಂದ. ಅಲ್ಲಿ ವಿಪರೀತ ಜಾರಿದರೆ ಉಂಗುರಕ್ಕೆ ಹಿಡಿತವೇ ಸಿಗುವುದಿಲ್ಲ, ಗೇರು ಹಲ್ಲು ಕಡಿಯುತ್ತದೆ. ಜಿಎಲ್-4 75ಡಬ್ಲ್ಯೂ-90 ಹಾಕಿದ ದಿನವೇ ಮೂರು, ನಾಲ್ಕನೇ ಗೇರುಗಳು ಬೆಣ್ಣೆಯಂತಾದವು. ಎರಡನೆಯದು ಮಾತ್ರ ತಣ್ಣಗಿರುವಾಗ ಇಂದಿಗೂ ಕರ್ ಎನ್ನುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಎರಡನ್ನೂ ಬರೆದಿದ್ದರೆ ಹಿತ್ತಾಳೆ ಸಿಂಕ್ರೊಗೆ ಸುರಕ್ಷಿತವೆಂದು ಸ್ಪಷ್ಟವಾಗಿ ಹೇಳಿದೆಯೇ ನೋಡಿ. ಹೇಳಿಲ್ಲವಾದರೆ ಬಿಟ್ಟುಬಿಡಿ.

ಇದೇ ಮಾತನ್ನು ಡಿಫರೆನ್ಷಿಯಲ್‌ಗೆ, ಅಂದರೆ ಹಿಂದಿನ ಆಕ್ಸಲ್ ನಡುವಿನ ಗೇರುಗಳಿಗೆ ಅನ್ವಯಿಸಿದರೆ ಅನಾಹುತ. ಅಲ್ಲಿನ ಹೈಪಾಯ್ಡ್ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉಜ್ಜಿಕೊಂಡೂ ಜಾರುತ್ತವೆ, ಅವಕ್ಕೆ ಜಿಎಲ್-5 ಬೇಕೇ ಬೇಕು. ಅಲ್ಲಿ ನನ್ನ ಹೋಲಿಕೆ ಮಂದತೆಯ ಬಗ್ಗೆ: 80ಡಬ್ಲ್ಯೂ-90 ಮತ್ತು 85ಡಬ್ಲ್ಯೂ-140. ಎರಡನೆಯದು ಹಾಕಿದಾಗ ಲೋಡು ಹೊತ್ತು ಏರು ಹತ್ತುವಾಗಿನ ಗುಂಯ್‌ಗುಡುವಿಕೆ ತಗ್ಗಿತು. ಆದರೆ ಸದ್ದು ಮುಚ್ಚಿಹೋಯಿತೇ ಹೊರತು ಸವೆತ ಹೋಗಲಿಲ್ಲ, ಖಾಲಿ ಗಾಡಿ ಸ್ವಲ್ಪ ಎಳೆದಂತೆಯೂ ಅನ್ನಿಸಿತು. ದಿನವೂ ಭಾರ ಹೊರುವ ಗಾಡಿಗೆ, ತಯಾರಕರ ಪುಸ್ತಕ ಒಪ್ಪಿದರೆ, 140 ಸರಿ. ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಬಗೆಯ ಡಿಫರೆನ್ಷಿಯಲ್ ಇದ್ದರೆ ಅದಕ್ಕೆಂದೇ ಇರುವ ಆಯಿಲ್ ಬೇರೆ. ಆಕ್ಸಲ್ ಮೇಲಿನ ಗಾಳಿಕೊಳವೆ ಮಣ್ಣಿನಿಂದ ಮುಚ್ಚಿಹೋಗಿದ್ದರೆ ಯಾವ ಆಯಿಲ್ ಹಾಕಿದರೂ ಒಳಗಿನ ಒತ್ತಡಕ್ಕೆ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಬರುತ್ತದೆ. ಮೊದಲು ಅದನ್ನು ಊದಿ ನೋಡಿ. ಹಾಗೆಯೇ, ಕೆಳಗಿನ ಡ್ರೇನ್ ಪ್ಲಗ್ ಬಿಚ್ಚುವ ಮುಂಚೆ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಖಾಲಿ ಮಾಡಿದ ಮೇಲೆ ಮೇಲಿನದು ಬಿಚ್ಚದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಕೂಲೆಂಟ್ ವಿಷಯದಲ್ಲಿ ಬಣ್ಣ ನೋಡಿ ಮೋಸ ಹೋಗುವವರೇ ಹೆಚ್ಚು. ಹಸಿರು, ಕೆಂಪು, ಕಿತ್ತಳೆ ಬರೀ ಬಣ್ಣಗಳು, ಅವಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ನೋಡಬೇಕಾದ್ದು ತುಕ್ಕು ತಡೆಯುವ ರಸಾಯನ. ಸಿಲಿಕೇಟ್ ಇರುವ ಹಳೆಯ ಬಗೆಯದು ಐಎಟಿ, ಸಾಮಾನ್ಯವಾಗಿ ಎರಡು ವರ್ಷ ಬಾಳುತ್ತದೆ. ಸಾವಯವ ಆಮ್ಲಗಳ ಹೊಸ ಬಗೆಯದು ಒಎಟಿ, ಐದು ವರ್ಷದವರೆಗೂ ಬರುತ್ತದೆ. ಐದು ವರ್ಷದ ಆಸೆಗೆ ಒಎಟಿ ಹಾಕಿದೆ. ಒಂದು ವರ್ಷಕ್ಕೆ ರೇಡಿಯೇಟರಿನ ಬೆಸುಗೆಯ ಅಂಚಿನಲ್ಲಿ ಬಿಳಿ ಹುಡಿ ಕಟ್ಟಿ ತೇವ ಕಂಡಿತು. ಬೆಸುಗೆಗೂ ವಯಸ್ಸಾಗಿತ್ತು, ಪೂರ್ತಿ ತಪ್ಪನ್ನು ಕೂಲೆಂಟ್ ಮೇಲೆ ಹಾಕಲಾರೆ. ಆದರೆ ಸೀಸದ ಬೆಸುಗೆಯ ಮೇಲೆ ಸಿಲಿಕೇಟ್ ಬೇಗ ಕಟ್ಟುವ ರಕ್ಷಣೆಯ ಪದರವನ್ನು ಇದು ಕಟ್ಟುವುದಿಲ್ಲ. ಬೆಸುಗೆ ಮಾಡಿಸಿ ಐಎಟಿಗೆ ಮರಳಿದ ಮೇಲೆ ಮೂರು ವರ್ಷದಿಂದ ಅಂಚು ಒಣಗಿದೆ. ನಿಮ್ಮದು ಅಲ್ಯುಮಿನಿಯಂ ರೇಡಿಯೇಟರ್ ಆಗಿದ್ದರೆ, ತಯಾರಕರೂ ಒಎಟಿ ಹೇಳಿದ್ದರೆ, ಅದೇ ಗೆಲ್ಲುತ್ತದೆ. ಎರಡನ್ನೂ ಬೆರೆಸಲು ಮಾತ್ರ ಹೋಗಬೇಡಿ. ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕೆ ಅರ್ಧ ಕಲಸಿದರೆ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು. ಬರೀ ನೀರಿನಲ್ಲಿ ಓಡಿಸುವವರಿಗೆ ಕುದಿಯುವ ಭಯಕ್ಕಿಂತ ಒಳಗೆ ಕಟ್ಟುವ ತುಕ್ಕಿನ ಭಯ ಇರಬೇಕು.

ಬ್ರೇಕ್ ಆಯಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಾಟ್ 3 ಹೊಸದಾಗಿ ಕನಿಷ್ಠ 205 ಡಿಗ್ರಿಗೆ ಕುದಿಯುತ್ತದೆ, ನೀರು ಹೀರಿದ ಮೇಲೆ 140ಕ್ಕೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಲೋಡಿನಲ್ಲಿ ಉದ್ದದ ಇಳಿಜಾರು ಇಳಿದಾಗ ಡಾಟ್ 3ರಲ್ಲಿ ಪೆಡಲ್ ಮೆತ್ತಗಾಗುತ್ತಿತ್ತು, ಡಾಟ್ 4ರಲ್ಲಿ ಆಗಲಿಲ್ಲ. ಎರಡೂ ಗ್ಲೈಕಾಲ್ ಬಗೆಯವೇ ಆದ್ದರಿಂದ ಬದಲಾಯಿಸಲು ತೊಂದರೆ ಇಲ್ಲ. ಎರಡು ವರ್ಷಕ್ಕೊಮ್ಮೆ ಹೊಸದು ಹಾಕುತ್ತೇನೆ, ಕ್ಲಚ್‌ಗೂ ಅದೇ. ಹೆಸರು ಹತ್ತಿರವಿದ್ದರೂ ಡಾಟ್ 5 ಸಿಲಿಕೋನ್, ಇವುಗಳ ಜೊತೆ ಸೇರದು. ಪವರ್ ಸ್ಟೀರಿಂಗ್‌ಗೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಬೇಕೋ ಬೇರೆಯದೋ ಎಂಬುದನ್ನು ಅದರ ಮುಚ್ಚಳದ ಮೇಲೇ ಬರೆದಿರುತ್ತಾರೆ. ಅದನ್ನು ಮೀರಿ ಪ್ರಯೋಗ ಮಾಡಲು ನನಗೆ ಕಾರಣ ಕಾಣಲಿಲ್ಲ.

ಗ್ರೀಸ್‌ನಲ್ಲಿ ಮೂರನ್ನು ಓಡಿಸಿದೆ. ವೀಲ್ ಬೇರಿಂಗ್‌ಗೆ ಎನ್ಎಲ್‌ಜಿಐ 2 (ಗ್ರೀಸಿನ ಗಟ್ಟಿತನದ ಅಂಕಿ) ಲಿಥಿಯಂ ಕಾಂಪ್ಲೆಕ್ಸ್. ಬ್ರೇಕಿನ ಬಿಸಿ ತಗಲಿದರೂ ಕರಗಿ ಹರಿಯಲಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಿಗೂ (ನಾಲ್ಕು ತುದಿಯ ಕೀಲುಗಳಿಗೂ) ಅದನ್ನೇ ಹೊಡೆಯುತ್ತಿದ್ದೆ. ಮಳೆಗಾಲದಲ್ಲಿ ನೀರು, ಕೆಸರು ದಾಟಿದ ಮೇಲೆ ತೆಗೆದು ನೋಡಿದರೆ ಹಾಲು ಬೆರೆಸಿದಂತೆ ಬಿಳಿಚಿಕೊಂಡಿರುತ್ತಿತ್ತು. ಹಳೆಯದನ್ನು ಪೂರ್ತಿ ಒರೆಸಿ ಕ್ಯಾಲ್ಸಿಯಂ ಸಲ್ಫೊನೇಟ್ ತುಂಬಿದೆ. ಮರುವರ್ಷದ ಮಳೆಗಾಲ ಮುಗಿದ ಮೇಲೂ ಅದರ ಬಣ್ಣ ಬದಲಾಗಿರಲಿಲ್ಲ, ಸೂಜಿ ರೋಲರ್‌ಗಳಲ್ಲಿ ತುಕ್ಕಿನ ಗುರುತಿರಲಿಲ್ಲ. ನಾಲ್ಕೂ ತುದಿಯಿಂದ ಹಳೆಯದು ಹೊರಬರುವವರೆಗೆ ಗನ್ ಒತ್ತಿ. ಮೂರರಲ್ಲಿ ಬಂದು ಒಂದರಲ್ಲಿ ಬರಲಿಲ್ಲವೆಂದರೆ ಮೊದಲು ಒಣಗುವುದು ಆ ಒಂದೇ. ಜೇಡಿಮಣ್ಣಿನ ಆಧಾರದ ಗ್ರೀಸನ್ನು ಲಿಥಿಯಂ ಜೊತೆ ಬೆರೆಸಿದರೆ ಎರಡೂ ನೀರಾಗುತ್ತವೆ, ಬಗೆ ಬದಲಿಸುವಾಗ ತೊಳೆದೇ ಹಾಕಬೇಕು. ಮಾಲಿಬ್ಡಿನಂ ಇರುವ ಕಪ್ಪು ಗ್ರೀಸನ್ನು ಶಾಫ್ಟಿನ ಜಾರುವ ಹಲ್ಲುಗಳಿಗೂ ಲೀಫ್ ಸ್ಪ್ರಿಂಗಿನ ಶ್ಯಾಕಲ್ ಪಿನ್‌ಗಳಿಗೂ ಇಟ್ಟುಕೊಂಡಿದ್ದೇನೆ. ನಿಧಾನವಾಗಿ, ಭಾರವಾಗಿ ಉಜ್ಜುವ ಜಾಗ ಅದು. ಹಳ್ಳ ಬಿದ್ದ ರಸ್ತೆಯಲ್ಲಿ ಹಿಂದಿನಿಂದ ಬರುತ್ತಿದ್ದ ಕಿರಕಿರ ಸದ್ದು ಈಗ ಇಲ್ಲ.