ಜೇನಿನ ವಿಷದ ಅಲರ್ಜಿ ಪರೀಕ್ಷೆ: ಎರಡು ವರದಿಗಳ ಅನುಭವ

ಕಾಫಿ ತೋಟದಲ್ಲಿ ಮೆಣಸು ಕೊಯ್ಯಿಸುತ್ತಿದ್ದಾಗ ಹೆಜ್ಜೇನು ಕಚ್ಚಿ, ಹತ್ತೇ ನಿಮಿಷದಲ್ಲಿ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದಂತಾಗಿ, ಹತ್ತಿರದ ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಹಾಕಿಸಿಕೊಂಡು ಉಳಿದವನು ನಾನು. ಗಾಬರಿಯಲ್ಲಿ ಮೂರನೆಯ ದಿನವೇ ನಗರದ ಖಾಸಗಿ ಪ್ರಯೋಗಾಲಯವೊಂದರಲ್ಲಿ ಜೇನು ಮತ್ತು ಕಣಜದ ವಿಷಕ್ಕೆ ಐಜಿಇ, ಅಂದರೆ ಅಲರ್ಜಿ ತರುವ ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸಿದೆ.

ರಕ್ತ ತೆಗೆದವರ ಕೈ ಹಗುರವಾಗಿತ್ತು, ವರದಿಯೂ ಹೇಳಿದ ದಿನಕ್ಕೇ ಮೊಬೈಲಿಗೆ ಬಂತು. ಆ ಸೇವೆಯಲ್ಲಿ ಮೆಚ್ಚಬಹುದಾದದ್ದು ಇಷ್ಟೇ. ಯಾವ ಹುಳ, ಎಂದು ಕಚ್ಚಿತು, ಮುಳ್ಳು ಚರ್ಮದಲ್ಲಿ ಉಳಿದಿತ್ತೇ ಎಂದು ಯಾರೂ ಕೇಳಲಿಲ್ಲ. ಜೇನಿನ ಮುಳ್ಳಿಗೆ ಕೊಕ್ಕೆಗಳಿರುವುದರಿಂದ ಅದು ವಿಷದ ಚೀಲದ ಸಮೇತ ಚರ್ಮದಲ್ಲೇ ಸಿಕ್ಕಿಕೊಳ್ಳುತ್ತದೆ, ಕಣಜವಾದರೋ ಸಾಮಾನ್ಯವಾಗಿ ಮುಳ್ಳನ್ನು ಹಿಂದಕ್ಕೆಳೆದುಕೊಂಡು ಹಾರಿಹೋಗುತ್ತದೆ. ನನ್ನ ಮಣಿಕಟ್ಟಿನಿಂದ ಕಪ್ಪು ಮುಳ್ಳೊಂದನ್ನು ಕೆಲಸದಾಕೆ ಉಗುರಿನಲ್ಲಿ ಕೆರೆದು ತೆಗೆದದ್ದು ಕೇಳಿದ್ದರೆ ಹೇಳುತ್ತಿದ್ದೆ.

ವರದಿಯಲ್ಲಿ ಎರಡು ಸಾಲು. ಎರಡರ ಮುಂದೆಯೂ 0.35ಕ್ಕಿಂತ ಕಡಿಮೆ, ಅಂದರೆ ನೆಗೆಟಿವ್. ಅಲರ್ಜಿ ತಜ್ಞರು ದಿನಾಂಕ ನೋಡಿದೊಡನೆ ಅದನ್ನು ಬದಿಗಿಟ್ಟರು. ತೀವ್ರ ಪ್ರತಿಕ್ರಿಯೆಯಾದ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆ ಹುಸಿಯಾಗಿ ನೆಗೆಟಿವ್ ಬರಬಹುದಾದ್ದರಿಂದ 4ರಿಂದ 6 ವಾರ ಕಳೆದ ಮೇಲೆ ಮತ್ತೆ ಮಾಡಿಸಬೇಕಂತೆ.

ಆರು ವಾರದ ನಂತರ, ತಜ್ಞರೇ ಸೂಚಿಸಿದ ಬೇರೊಂದು ಕಡೆ, ಜೇನಿಗೆ 2.8 ಬಂತು, ಕಣಜಕ್ಕೂ 0.5 ಬಂತು. ಎರಡಕ್ಕೂ ಅಲರ್ಜಿಯೇ ಎಂದು ಹೆದರಿದ್ದೆ. ಎರಡೂ ವಿಷಗಳ ಪ್ರೋಟೀನುಗಳಿಗೆ ಅಂಟಿಕೊಂಡಿರುವ ಸಕ್ಕರೆಯ ಕೊಂಡಿಗಳು ಒಂದೇ ಬಗೆಯವಾದ್ದರಿಂದ ಹೀಗೆ ಸುಳ್ಳು ಪಾಸಿಟಿವ್ ಬರುವುದುಂಟೆಂದು ತಿಳಿಸಿ, ಬಿಡಿ ಪ್ರೋಟೀನುಗಳ ಪರೀಕ್ಷೆ ಬರೆದುಕೊಟ್ಟರು. ಜೇನಿನ ವಿಷದ ಏಪಿ ಎಂ 1 ಎಂಬ ಪ್ರೋಟೀನಿಗೆ ಪಾಸಿಟಿವ್, ಕಣಜದ ವಿಷದ ವೆಸ್ ವಿ 5 ಎಂಬುದಕ್ಕೆ ನೆಗೆಟಿವ್ ಬಂದು ಜೇನಿನ ಮಟ್ಟಿಗೆ ವಿಷಯ ಇತ್ಯರ್ಥವಾಯಿತು. ತೀವ್ರ ಪ್ರತಿಕ್ರಿಯೆಯ ಅಪಾಯ ಹೆಚ್ಚೇ ಎಂದು ತಿಳಿಯಲು ರಕ್ತದಲ್ಲಿ ಅಳೆಯುವ ಟ್ರಿಪ್ಟೇಸ್ ಎಂಬ ಕಿಣ್ವ 11.4ರ ಗಡಿಯೊಳಗೇ ಇತ್ತು.

ಪರೀಕ್ಷೆಗೆ ಬಳಸುವುದು ಯುರೋಪಿನ ಜೇನಾದ ಏಪಿಸ್ ಮೆಲ್ಲಿಫೆರಾದ ವಿಷ. ಹೆಜ್ಜೇನಿನ ವಿಷ ಅದನ್ನು ಬಹುಮಟ್ಟಿಗೆ ಹೋಲುವುದರಿಂದ ನನಗೆ ಉತ್ತರ ಸಿಕ್ಕಿತು; ಆದರೆ ಕಣಜದ ಸಾಲು ನಮ್ಮ ತೋಟದ ಕಣಜಗಳದ್ದಲ್ಲವಾದ್ದರಿಂದ ಅಲ್ಲಿಯ ನೆಗೆಟಿವ್ ಅನ್ನು ನಾನು ಅಷ್ಟು ನಂಬುವುದಿಲ್ಲ. ಅಂಕಿ ದೊಡ್ಡದಾದರೆ ಅಪಾಯವೂ ದೊಡ್ಡದು ಎಂದೇನೂ ಇಲ್ಲ. ಕಚ್ಚಿದ ಜಾಗ ಮಾತ್ರ ಊದಿದ್ದ ಪಕ್ಕದ ತೋಟದವರು ತಾವೂ ಮಾಡಿಸಲೇ ಎಂದಾಗ ಬೇಡವೆಂದೆ.

ಎರಡನೆಯ ಸುತ್ತಿಗೆ ತೆತ್ತ ಹಣದ ಬಗ್ಗೆ ನನಗೆ ಬೇಸರವಿಲ್ಲ. ಮೊದಲ ಪ್ರಯೋಗಾಲಯದ ಅರ್ಜಿಯಲ್ಲಿ ಕಚ್ಚಿದ ದಿನಾಂಕ ಬರೆಯಲು ಒಂದು ಗೆರೆ ಇದ್ದಿದ್ದರೆ ಅಲ್ಲಿಯದೂ ಉಳಿಯುತ್ತಿತ್ತು.