ಗಾಂಜಾ ಸಮೀಕ್ಷೆಗೆ ಕೋಬೊ ಟೂಲ್‌ಬಾಕ್ಸ್: ಎಲ್ಲಿ ಕೈ ಹಿಡಿಯುತ್ತೆ, ಎಲ್ಲಿ ಕೈ ಕೊಡುತ್ತೆ

ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಬೇಕೋ ಬೇಡವೋ ಎಂದು ಬೆಂಗಳೂರಿನ ಜನರನ್ನು ಕೇಳಲು ಹೊರಟವರು, ಕಾಲೇಜಿನ ಸಮಾಜಶಾಸ್ತ್ರ ವಿಭಾಗವಿರಲಿ, ಎನ್‌ಜಿಒ ಇರಲಿ, ಮೊದಲು ತೆರೆಯುವುದು ಗೂಗಲ್ ಫಾರ್ಮ್ಸ್. ಹತ್ತು ನಿಮಿಷಕ್ಕೆ ಪ್ರಶ್ನೆ ರೆಡಿ, ಹನ್ನೊಂದನೇ ನಿಮಿಷಕ್ಕೆ ಲಿಂಕ್ ವಾಟ್ಸಾಪ್‌ನಲ್ಲಿ. ಸಂಜೆಯೊಳಗೆ ಸಾವಿರ ಉತ್ತರ ಬಂದರೂ ಅದು ಆ ಗ್ರೂಪ್‌ಗಳ ಅಭಿಪ್ರಾಯ, ಊರಿನದ್ದಲ್ಲ. ಮನೆಮನೆಗೆ ಹೋಗಿ ಕೇಳುವುದಾದರೆ ಕೋಬೊ ಟೂಲ್‌ಬಾಕ್ಸ್ ನೋಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾನವೀಯ ನೆರವಿನ ಕೇಂದ್ರದಲ್ಲಿ ಬೆಳೆದು, ಈಗ ಲಾಭರಹಿತ ಸಂಸ್ಥೆಯೊಂದು ನಡೆಸುತ್ತಿರುವ, ಫೋನಿನಲ್ಲೇ ಸಮೀಕ್ಷೆ ಮಾಡುವ ಸಾಧನ ಇದು. ಉಚಿತ ಖಾತೆಗೆ ತಿಂಗಳ ಮಿತಿ ಇದೆ. ಆರೇಳುನೂರು ಸಂದರ್ಶನಕ್ಕೆ ಅದು ಅಡ್ಡ ಬರುವುದಿಲ್ಲ.

ಇದರ ದೊಡ್ಡ ಗುಣ ನೆಟ್‌ವರ್ಕ್ ಇಲ್ಲದೆಯೂ ನಡೆಯುವುದು. ಕೋಬೊ ಕಲೆಕ್ಟ್ ಆ್ಯಪ್ ಆಂಡ್ರಾಯ್ಡ್‌ಗೆ ಮಾತ್ರ. ಬೇಸ್‌ಮೆಂಟ್ ಮನೆಯಲ್ಲೂ ಫಾರ್ಮ್ ತುಂಬಿಟ್ಟು ಆಮೇಲೆ ಕಳಿಸಬಹುದು. ಕಳಿಸುವ ಮೊದಲೇ ಯಾರಾದರೂ ಆ್ಯಪ್ ಅಳಿಸಿ ಮತ್ತೆ ಹಾಕಿದರೆ ಅಷ್ಟೂ ಉತ್ತರ ಹೋಯಿತು. ಹಾಗಾಗಿ ತಾನಾಗೇ ಕಳಿಸುವ ಆಯ್ಕೆಯನ್ನು ಮೊದಲ ದಿನವೇ ಆನ್ ಮಾಡಿಬಿಡಿ.

ಭಾಷೆಯ ವಿಷಯದಲ್ಲೂ ಕೋಬೊ ಬೆಂಗಳೂರಿಗೆ ಹೊಂದುತ್ತದೆ. ಪ್ರಶ್ನೆಗಳನ್ನು ಬರೆದು ಫಾರ್ಮ್ ಮಾಡುವ ಎಕ್ಸೆಲ್ ಹಾಳೆಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿಗೆ ಒಂದೊಂದು ಕಾಲಂ ಕೊಟ್ಟರೆ ಬಾಗಿಲಲ್ಲೇ ಭಾಷೆ ಬದಲಿಸಿಕೊಳ್ಳಬಹುದು. ಒಂದೇ ಎಚ್ಚರಿಕೆ: ಡಿಟಿಪಿ ಅಂಗಡಿಯಿಂದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬಂದ ಕನ್ನಡವನ್ನು ಹಾಗೇ ಪೇಸ್ಟ್ ಮಾಡಿದರೆ ಫೋನಿನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿಯೇ ಹಾಕಿ.

ಪ್ರಶ್ನೆಯ ಪದಗಳಿಗೆ ಮಾತ್ರ ಯಾವ ಸಾಧನವೂ ಜವಾಬ್ದಾರಿ ಹೊರುವುದಿಲ್ಲ. ಸಮೀಕ್ಷೆ ಕೆಡುವುದೂ ಇಲ್ಲೇ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 1969ರಿಂದ ಕಾನೂನುಬದ್ಧ ಆಗಬೇಕೆ, ಬೇಡವೆ ಎಂದಷ್ಟೇ ಕೇಳುತ್ತ ಬಂದಿದೆ. ಆಗ ಹೌದೆಂದವರು ಶೇ 12, 2023ರಲ್ಲಿ ಶೇ 70. ಪ್ಯೂ ಸಂಸ್ಥೆ 2024ರ ಆರಂಭದಲ್ಲಿ ಮೂರು ಆಯ್ಕೆ ಕೊಟ್ಟಿತು. ಔಷಧಿಗೂ ಮೋಜಿಗೂ ಸರಿ ಎಂದವರು ಶೇ 57, ಔಷಧಿಗೆ ಮಾತ್ರ ಎಂದವರು ಶೇ 32, ಎರಡಕ್ಕೂ ಬೇಡ ಎಂದವರು ಶೇ 11. ಆ ಶೇ 32 ಮಂದಿ ಹೌದು-ಇಲ್ಲ ಪ್ರಶ್ನೆಯಲ್ಲಿ ಎತ್ತ ವಾಲುತ್ತಾರೋ ಅದರ ಮೇಲೆ ಮರುದಿನದ ತಲೆಬರಹ ನಿಂತಿರುತ್ತದೆ.

ಕನ್ನಡದಲ್ಲಿ ತೊಡಕು ಇನ್ನೂ ಒಂದು ಕೈ ಹೆಚ್ಚು. 'ಸಕ್ರಮ' ಎಂದು ಬರೆದರೆ ಬೆಂಗಳೂರಿಗರ ತಲೆಗೆ ಮೊದಲು ಬರುವುದು ಅಕ್ರಮ-ಸಕ್ರಮ, ಅಂದರೆ ದುಡ್ಡು ಕಟ್ಟಿ ಸರಿಮಾಡಿಸಿಕೊಳ್ಳುವ ಸೈಟು, ಮನೆ. ಅಪರಾಧಗಳ ಪಟ್ಟಿಯಿಂದ ತೆಗೆಯುವುದಕ್ಕೆ 'ಅಪರಾಧಮುಕ್ತ' ಎಂದರೆ ಊರಲ್ಲಿ ಅಪರಾಧವೇ ಇಲ್ಲ ಎಂದು ಕೇಳಿಸುತ್ತದೆ. ಪಾರಿಭಾಷಿಕ ಪದ ಬಿಟ್ಟು ಸನ್ನಿವೇಶವನ್ನೇ ಕೊಡಿ: "ದೊಡ್ಡವರೊಬ್ಬರು ತಮ್ಮ ಬಳಕೆಗೆಂದು ಒಂದು ಪೊಟ್ಟಣ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದರೆ ಏನು ಮಾಡಬೇಕು ಅಂತೀರಿ? ಜೈಲು, ಬರೀ ದಂಡ, ಚಿಕಿತ್ಸೆಗೆ ಕಳಿಸುವುದು, ಏನೂ ಮಾಡದಿರುವುದು." ಕಾನೂನಿನ ಭಾಷೆಯ 'ಸಣ್ಣ ಪ್ರಮಾಣ' ಇಲ್ಲಿ ಬೇಡ. ಗಾಂಜಾಕ್ಕೆ ಆ ಮಿತಿ 1 ಕಿಲೋ, ಗಿಡದ ಅಂಟಿನಿಂದ ಮಾಡುವ ಚರಸ್‌ಗೆ 100 ಗ್ರಾಂ. ಕೇಳಿಸಿಕೊಳ್ಳುವವರ ಮನಸ್ಸಿನಲ್ಲಿರುವುದು ಪೊಟ್ಟಣ.

ಎಲೆಯಿಂದ ಮಾಡುವ ಭಂಗಿಯನ್ನೂ ಬೇರೆಯಾಗಿ ಕೇಳಿ. 1985ರ, ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎನ್ನುವುದು ಗಿಡದ ಹೂ-ಕಾಯಿ ಬಿಟ್ಟ ತುದಿಗೆ. ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಬೀದಿಯಲ್ಲಿ ಮಾತ್ರ ಎಲ್ಲವೂ 'ಸೊಪ್ಪು'.

ಒಂದೇ ಪ್ರಶ್ನೆಯನ್ನು ಎರಡು ಬಗೆಯ ಪದಗಳಲ್ಲಿ ಅರ್ಧರ್ಧ ಜನರಿಗೆ ಕೇಳಿ ಪದದ ಪ್ರಭಾವ ಅಳೆಯುವುದು ಕೋಬೊದಲ್ಲಿ ಸಲೀಸು. ಲೆಕ್ಕದ ಸಾಲಿನಲ್ಲಿ, 0 ಮತ್ತು 1ರ ನಡುವಿನ ಯಾವುದೋ ಒಂದು ಸಂಖ್ಯೆ ಕೊಡುವ ರ‍್ಯಾಂಡಮ್ ಫಂಕ್ಷನ್ ಹಾಕಿ, 0.5ಕ್ಕಿಂತ ಕಡಿಮೆ ಬಂದರೆ ಮೊದಲ ಪ್ರಶ್ನೆ, ಇಲ್ಲವಾದರೆ ಎರಡನೆಯದು ಎಂದು ಷರತ್ತು ಕೊಡಿ. ಅದನ್ನು, ಒಮ್ಮೆ ಬಂದ ಸಂಖ್ಯೆಯನ್ನು ಹಾಗೇ ಹಿಡಿದಿಡುವ ಒನ್ಸ್ ಫಂಕ್ಷನ್ನಿನೊಳಗೆ ಇಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಮರೆತರೆ ಸಂದರ್ಶನದ ನಡುವೆ ಸಂಖ್ಯೆ ಮತ್ತೆ ಹುಟ್ಟಿ, ಮೊದಲ ಗುಂಪಿನವರು ಎರಡನೇ ಗುಂಪಿಗೆ ಹಾರುತ್ತಾರೆ. ಆಮೇಲೆ ಯಾರನ್ನು ಏನು ಕೇಳಿದಿರೆಂದು ಬ್ರಹ್ಮನಿಗೂ ಗೊತ್ತಾಗದು.

ಆಯ್ಕೆಗಳನ್ನು ಅದಲುಬದಲು ಮಾಡುವ ಸೌಲಭ್ಯ ಅರೆಬರೆ. 'ಗೊತ್ತಿಲ್ಲ', 'ಹೇಳಲು ಇಷ್ಟವಿಲ್ಲ' ಎಂಬವೂ ಜೊತೆಗೆ ಕಲಸಿ ನಡುವೆ ಎಲ್ಲೋ ಕೂರುತ್ತವೆ. ಉತ್ತರದ ಪಟ್ಟಿಯನ್ನು ತಲೆಕೆಳಗಾಗಿ ಇನ್ನೊಮ್ಮೆ ಬರೆದು, ಮೇಲಿನ ಉಪಾಯದಿಂದಲೇ ಅರ್ಧ ಜನರಿಗೆ ತೋರಿಸುವುದು ಮೇಲು.

"ನೀವು ಸೇದುತ್ತೀರಾ?" ಎಂಬ ಪ್ರಶ್ನೆ ಹಾಕಲೇಬೇಡಿ. ಸೇವನೆಯೂ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಪರಾಧ. ಆ ಉತ್ತರದ ಪಕ್ಕದಲ್ಲಿ ಮನೆಯ ಜಿಪಿಎಸ್ ಗುರುತು ಕೂತರೆ ಅದು ಸಮೀಕ್ಷೆಯಲ್ಲ, ಸಾಕ್ಷ್ಯ. ಲಾಭವೂ ಇಲ್ಲ: ಏಮ್ಸ್ ತಂಡದ 2019ರ ರಾಷ್ಟ್ರೀಯ ವರದಿಯಲ್ಲಿ ಹಿಂದಿನ 12 ತಿಂಗಳಲ್ಲಿ ಗಾಂಜಾ-ಚರಸ್ ಬಳಸಿದವರು ಶೇ 1.2, ಭಂಗಿ ಶೇ 2ರಷ್ಟು. ಆ ಲೆಕ್ಕದಲ್ಲಿ 600 ಜನರಲ್ಲಿ ಸಿಗುವುದು ಏಳು ಮಂದಿ, ಅವರಲ್ಲೂ ನಿಜ ಹೇಳುವವರು ಎಷ್ಟೋ. ಜಿಪಿಎಸ್ ಮತ್ತು ಹಿನ್ನೆಲೆ ಧ್ವನಿಮುದ್ರಣದ ಸೌಲಭ್ಯ ಎರಡನ್ನೂ ಫಾರ್ಮಿಗೆ ಸೇರಿಸಬೇಡಿ. ವಾರ್ಡ್ ಸಂಖ್ಯೆ ಸಾಕು.

ಅಭಿಪ್ರಾಯ ಹೇಳುವುದಕ್ಕೂ ಸಂಕೋಚ ಇದ್ದೇ ಇದೆ. ಅತ್ತೆ ಪಕ್ಕದಲ್ಲಿ ಕೂತಿರುವಾಗ "ಇರಲಿ ಬಿಡಿ" ಎನ್ನುವ ಸೊಸೆ ಅಪರೂಪ. ಅಭಿಪ್ರಾಯದ ಪ್ರಶ್ನೆಗಳಿರುವ ಪುಟಗಳಿಗೆ ಫೋನನ್ನೇ ಅವರ ಕೈಗೆ ಕೊಡಿ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಹಿಂದಿನ ಪ್ರಶ್ನೆಗೆ ಹೋಗುವುದನ್ನು ತಡೆದರೆ, ಫೋನ್ ವಾಪಸ್ ಪಡೆದವರು ಉತ್ತರ ತಿರುವಿ ನೋಡಲಾಗದು. ತಪ್ಪಾಗಿ ಒತ್ತಿದ್ದನ್ನು ತಿದ್ದಲೂ ಆಗದು, ಅದನ್ನು ಮೊದಲೇ ಹೇಳಿಬಿಡಿ.

ಸ್ಯಾಂಪಲ್ ಲೆಕ್ಕವನ್ನು ಕೋಬೊ ಮಾಡಿಕೊಡುವುದಿಲ್ಲ. ಚೀಟಿ ಎತ್ತಿದಂತೆ ಆರಿಸಿದ 600 ಜನಕ್ಕೆ ತಪ್ಪಿನ ಅಂತರ, ಅಂದರೆ ಫಲಿತಾಂಶ ಆಚೀಚೆ ಆಗಬಹುದಾದಷ್ಟು, ಶೇ 4. ಆದರೆ 60 ಬೀದಿಗಳಲ್ಲಿ ತಲಾ 10 ಮನೆ ಎಂದು ಹೋದರೆ ನೆರೆಹೊರೆಯವರು ಒಂದೇ ತರಹ ಯೋಚಿಸುತ್ತಾರೆ. ಇದರಿಂದಾಗುವ ನಷ್ಟವನ್ನು ಅಳೆಯುವ ವಿನ್ಯಾಸದ ಗುಣಕ 1.5 ಎಂದಿಟ್ಟುಕೊಂಡರೆ 600 ಅಂದದ್ದು 400ಕ್ಕೆ ಸಮ, ಅಂತರ ಸುಮಾರು ಶೇ 5. ಮನೆಯೊಳಗೆ ಯಾರನ್ನು ಕೇಳಬೇಕು ಎಂಬುದನ್ನು ಮಾತ್ರ ಫೋನೇ ಆರಿಸಬಲ್ಲದು: 18 ದಾಟಿದವರನ್ನು ವಯಸ್ಸಿನ ಕ್ರಮದಲ್ಲಿ ಎಣಿಸಿ ಹಾಕಿದರೆ "ಮೂರನೆಯವರು" ಎಂದು ತೋರಿಸುವಂತೆ ಮಾಡಬಹುದು. ಇಲ್ಲದಿದ್ದರೆ ಬಾಗಿಲು ತೆಗೆದವರೇ ಉತ್ತರಿಸುತ್ತಾರೆ. ಗೇಟಿನಲ್ಲೇ ಸೆಕ್ಯೂರಿಟಿ ತಡೆಯುವ ಅಪಾರ್ಟ್‌ಮೆಂಟುಗಳಿಗೆ ವಾರ ಮೊದಲೇ ಸಂಘದ ಅನುಮತಿ ಬೇಕು. ಅವನ್ನು ಬಿಟ್ಟು ವಠಾರಗಳಲ್ಲೇ ಸಂಖ್ಯೆ ತುಂಬಿಸಿದರೆ ಫಲಿತಾಂಶ ಒಂದು ಕಡೆ ವಾಲುತ್ತದೆ.

ಡೇಟಾ ಇಳಿಸುವಾಗ ಸಿಎಸ್‌ವಿ ಬೇಡ. ಅದನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಕೆಡುವುದೇ ಹೆಚ್ಚು. ಎಕ್ಸೆಲ್ ರೂಪದಲ್ಲೇ ಇಳಿಸಿ. ಫಾರ್ಮನ್ನು ಮಧ್ಯೆ ತಿದ್ದಿದ್ದರೆ ಆವೃತ್ತಿಯ ಕಾಲಂ ಮೊದಲು ನೋಡಿ. ಹಳೆಯ ಫಾರ್ಮಿನಲ್ಲೇ ಕೇಳುತ್ತಿರುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ.