ಕೈಗೋ, ಸೊಂಟಕ್ಕೋ, ಜೇಬಿಗೋ? ಹೆಜ್ಜೆ ಎಣಿಸುವ ಮೂರು ದಾರಿ

ಹೆಜ್ಜೆ ಎಣಿಸುವ ಬ್ಯಾಂಡ್ ತಗೋಬೇಕು ಅಂದ ಕೂಡಲೇ ಎಲ್ಲರೂ ಕೇಳೋದು ಯಾವ ಕಂಪನಿ, ಎಷ್ಟು ರೇಟು ಅಂತ. ನಾನು ಮೊದಲು ಕೇಳುವುದು ಬೇರೆ. ದಿನವಿಡೀ ನಿಮ್ಮ ಕೈ ಏನು ಕೆಲಸ ಮಾಡುತ್ತಿರುತ್ತದೆ? ನಿಮ್ಮ ಫೋನ್ ಎಲ್ಲಿರುತ್ತದೆ? ಇವೆರಡು ಗೊತ್ತಾದರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ.

ನಮ್ಮ ಮನೆಯಲ್ಲಿ ಮೂರು ಬಗೆಯವೂ ಇವೆ. ನನ್ನ ಕೈಯಲ್ಲಿ ಬ್ಯಾಂಡ್. ಅಮ್ಮನ ಸೊಂಟದಲ್ಲಿ ಸಿಕ್ಕಿಸುವ ಪುಟ್ಟ ಪೆಡೋಮೀಟರ್. ನಮ್ಮೆಜಮಾನರಿಗೆ ಪ್ಯಾಂಟಿನ ಜೇಬಿನ ಫೋನೇ ಸಾಕು. ಅದಲು ಬದಲು ಮಾಡಿ, ಒಬ್ಬರೇ ಮೂರನ್ನೂ ಹಾಕಿಕೊಂಡು, ಬಾಯಲ್ಲಿ ಹೆಜ್ಜೆ ಎಣಿಸುತ್ತಾ ನಡೆದು ನೋಡಿದ್ದೇವೆ.

ಮೂರರ ಒಳಗೂ ಇರುವುದು ಆಕ್ಸೆಲೆರೋಮೀಟರ್ ಎಂಬ ಸಣ್ಣ ಚಿಪ್. ಅದು ಮೂರು ದಿಕ್ಕಿನ ಅಲುಗಾಟವನ್ನು ಅಳೆಯುತ್ತದೆ. ನಡೆಯುವಾಗ ಮೈ ಒಂದು ಲಯದಲ್ಲಿ ಏರಿಳಿಯುತ್ತದೆ, ಕೈ ಒಂದು ಲಯದಲ್ಲಿ ಬೀಸುತ್ತದೆ. ಆ ಲಯ ಕಂಡರೆ ಹೆಜ್ಜೆ ಅಂತ ಲೆಕ್ಕ. ಕಾಲು ನೆಲಕ್ಕೆ ಊರಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಅದನ್ನು ಮೈಮೇಲೆ ಎಲ್ಲಿ ಇಟ್ಟುಕೊಂಡಿದ್ದೀರಿ ಅನ್ನುವುದೇ ದೊಡ್ಡ ವಿಷಯ. ಹಳೇ ಕಾಲದ ಪೆಡೋಮೀಟರಿನಲ್ಲಿ ಸ್ಪ್ರಿಂಗಿಗೆ ಕಟ್ಟಿದ ಸಣ್ಣ ಲೋಲಕ ಇರುತ್ತಿತ್ತು, ಅದು ನೆಟ್ಟಗೆ ನಿಲ್ಲಲೇಬೇಕಿತ್ತು. ಹೊಟ್ಟೆ ಸ್ವಲ್ಪ ಮುಂದಿರುವವರಿಗೆ ಅದು ವಾಲಿ ಲೆಕ್ಕ ತಪ್ಪುತ್ತಿತ್ತು. ಈಗಿನದಕ್ಕೆ ಆ ಕಷ್ಟ ಇಲ್ಲ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಕೈ ಬೀಸಿಕೊಂಡು ಸಲೀಸಾಗಿ ನಡೆದರೆ ಮೂರೂ ಚೆನ್ನಾಗಿವೆ. ಬಾಯಿಲೆಕ್ಕಕ್ಕೂ ಇವುಗಳ ಲೆಕ್ಕಕ್ಕೂ ವ್ಯತ್ಯಾಸ ತೀರಾ ಕಮ್ಮಿ. ಬರೀ ವಾಕಿಂಗ್ ಲೆಕ್ಕ ಬೇಕು ಅನ್ನುವವರು ಯಾವುದನ್ನು ತಗೊಂಡರೂ ನಡೆಯುತ್ತದೆ, ದುಡ್ಡು ಉಳಿಸಿಕೊಳ್ಳಿ. ಇವುಗಳ ಬಣ್ಣ ಬಯಲಾಗುವುದು ಮನೆಗೆ ಬಂದ ಮೇಲೆ.

ಅಮ್ಮ ಮೊದಲು ಕೆಲವು ದಿನ ನನ್ನ ಬ್ಯಾಂಡ್ ಕಟ್ಟಿಕೊಂಡಿದ್ದರು. ಬಲಗೈಗೆ, ಏಕೆಂದರೆ ಎಡಗೈಯಲ್ಲಿ ಅವರ ಹಳೇ ವಾಚು. ಒಲೆ ಮುಂದೆ ನಿಂತು, ಪಾತ್ರೆಯನ್ನು ಕವೆಗೋಲಲ್ಲಿ ಒತ್ತಿ ಹಿಡಿದು, ಮುದ್ದೆ ಕೋಲಲ್ಲಿ ಹಿಟ್ಟು ತಿರುವುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬ್ಯಾಂಡ್ ನೋಡುತ್ತಿದ್ದೆ. ಮೊದಲ ನಾಲ್ಕು ತಿರುವಿಗೆ ಅಂಕಿ ಅಲ್ಲಾಡಲಿಲ್ಲ. ಆಮೇಲೆ ಒಂದೇ ಸಲಕ್ಕೆ ಕೆಲವು ಹೆಜ್ಜೆ ಏರಿತು, ಮುಂದೆ ಪ್ರತಿ ತಿರುವಿಗೂ ಏರುತ್ತಲೇ ಹೋಯಿತು. ಮುದ್ದೆ ಗಂಟಿಲ್ಲದೆ ಆಗುವ ಹೊತ್ತಿಗೆ ಅಮ್ಮ ಒಂದಡಿಯೂ ಕದಲದೆ ಬೀದಿ ತುದಿಯ ತನಕ ಹೋಗಿ ಬಂದಷ್ಟು ಲೆಕ್ಕ. ಒಗೆಯೋ ಕಲ್ಲಿನ ಮೇಲೆ ಬಟ್ಟೆ ಉಜ್ಜಿದರೂ, ಭಜನೆಯಲ್ಲಿ ತಾಳ ಹಾಕಿದರೂ ಇದೇ ಕಥೆ. ಸೊಂಟದ ಪೆಡೋಮೀಟರ್ ಮಾತ್ರ ಇದ್ಯಾವುದಕ್ಕೂ ಜಗ್ಗಲಿಲ್ಲ.

ಮೊದಲ ನಾಲ್ಕು ತಿರುವಿಗೆ ಅಂಕಿ ಯಾಕೆ ಅಲ್ಲಾಡಲಿಲ್ಲ ಗೊತ್ತಾ? ಸುಮ್ನೆ ಕೈ ಆಡಿಸಿದ್ದೆಲ್ಲಾ ಹೆಜ್ಜೆ ಆಗಬಾರದು ಅಂತ ಇವು ಸ್ವಲ್ಪ ಕಾದು ನೋಡುತ್ತವೆ. ಬಿಡದೆ ಕೆಲವು ಹೆಜ್ಜೆ ಬಿದ್ದ ಮೇಲೆ ಹಿಂದಿನದನ್ನೂ ಸೇರಿಸಿ ತೋರಿಸುತ್ತವೆ. ಒಳ್ಳೆಯ ಉಪಾಯವೇ. ಆದರೆ ಇದರಿಂದ ನಷ್ಟ ಆಗುವವರೂ ಇದ್ದಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುವ ಹರಕೆ ನೀವು ನೋಡಿರುತ್ತೀರಿ. ಸುಮಾರು ಸಾವಿರ ಮೆಟ್ಟಿಲು. ಒಂದು ಮೆಟ್ಟಿಲು ಹತ್ತುವುದು, ಬಗ್ಗುವುದು, ಹಚ್ಚುವುದು, ಮತ್ತೆ ಮುಂದಿನದು. ಅಮ್ಮ ಹಾಗೆ ಹತ್ತಿದಾಗ ಕೈಯದೂ ಸೊಂಟದ್ದೂ ಎರಡೂ ಸೋತವು. ಬೆಟ್ಟ ಹತ್ತಿ ಸುಸ್ತಾದ ಹೆಂಗಸಿಗೆ ಅದು ತೋರಿಸಿದ ಅಂಕಿ ನೋಡಿ ನನಗೇ ಬೇಜಾರಾಯಿತು. ಅದೇ ಬೆಟ್ಟವನ್ನು ನಾನು ನಿಲ್ಲದೆ ಹತ್ತಿದಾಗ ಎರಡೂ ಸರಿಯಾಗಿಯೇ ಎಣಿಸಿದವು. ಮನೆಗೆಲಸವೂ ಎಷ್ಟೋ ಸಲ ಹೀಗೇ ಅಲ್ವಾ? ಎರಡು ಹೆಜ್ಜೆ, ನಿಲ್ಲು, ಮೂರು ಹೆಜ್ಜೆ, ಬಗ್ಗು. ಅಡುಗೆಮನೆಯ ಓಡಾಟವನ್ನು ಯಾವ ಸಾಧನವೂ ಪೂರ್ತಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅಂಕಿ ಕಮ್ಮಿ ಬಂದರೆ ನೀವು ಸೋಮಾರಿ ಅಂತಲ್ಲ.

ಕೈ ಬ್ಯಾಂಡಿಗೆ ಇನ್ನೊಂದು ಪೆಟ್ಟು ಇದೆ: ಕೈ ಅಲ್ಲಾಡದೆ ನಡೆಯುವುದು. ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ ಹಿಡಿದಾಗ, ಮೆಟ್ಟಿಲಿನ ಕಂಬಿ ಹಿಡಿದಾಗ, ಸೊಂಟದ ಮೇಲೆ ಮಗು ಕೂರಿಸಿಕೊಂಡಾಗ ಲೆಕ್ಕ ತಪ್ಪುತ್ತದೆ. ಸ್ಕೂಟರಿನಲ್ಲಿ ಗುಂಡಿ ಬಿದ್ದ ರಸ್ತೆಯಲ್ಲಿ ಹೋದರೆ ಕೆಲವೊಮ್ಮೆ ಸುಮ್ಮಸುಮ್ಮನೆ ಜಾಸ್ತಿಯಾಗುತ್ತದೆ. ಸ್ವಲ್ಪ ಸರಿ ಮಾಡಬಹುದು: ಜಾಸ್ತಿ ಕೆಲಸ ಮಾಡದ ಕೈಗೆ ಕಟ್ಟಿ, ಆ್ಯಪ್‌ನಲ್ಲಿ ಎಡಗೈಯೋ ಬಲಗೈಯೋ ಅಂತ ಕೇಳಿದರೆ ಸರಿಯಾಗಿ ತುಂಬಿ. ಎತ್ತರವನ್ನೂ ನಿಜವಾದದ್ದೇ ಕೊಡಿ. ಜಿಪಿಎಸ್ ಇಲ್ಲದ ಬ್ಯಾಂಡು ಕಿಲೋಮೀಟರ್ ಲೆಕ್ಕ ಹಾಕುವುದು ನಿಮ್ಮ ಎತ್ತರದಿಂದ ಹೆಜ್ಜೆಯ ಉದ್ದವನ್ನು ಅಂದಾಜು ಮಾಡಿ.

ಹಾಗಾದರೆ ಸೊಂಟದ್ದೇ ಗೆದ್ದಿತು ಅನ್ನಬಹುದು. ಲೆಕ್ಕದಲ್ಲಿ ಹೌದು. ಸೀರೆ ಉಡುವ ಅಮ್ಮ ಅದನ್ನು ಲಂಗದ ಲಾಡಿಗೆ ಸಿಕ್ಕಿಸಿ, ಮೇಲೆ ನೆರಿಗೆ ಮುಚ್ಚುತ್ತಾರೆ. ಚಾರ್ಜ್ ಮಾಡುವ ತಾಪತ್ರಯ ಇಲ್ಲ, ಬಟನ್ ಸೆಲ್ ಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ. ಆ್ಯಪ್ ಬೇಡ, ಬ್ಲೂಟೂತ್ ಬೇಡ, ಪಾಸ್‌ವರ್ಡ್ ಬೇಡ. ದೊಡ್ಡ ಅಂಕಿ ಕನ್ನಡಕ ಇಲ್ಲದೆಯೂ ಕಾಣುತ್ತದೆ. ಆದರೆ ಸೀರೆ ಬದಲಿಸುವಾಗ ಮರೆತು ಬಕೆಟ್ಟಿಗೆ ಹೋಗುವ ಭಯ ಇದೆ. ರಾತ್ರಿ ಅದನ್ನು ದೇವರ ಮನೆಯ ಗೂಡಿನಲ್ಲಿ ಇಡುವ ಅಭ್ಯಾಸ ಮಾಡಿಸಿದ ಮೇಲೆ ಅದೂ ಸರಿಹೋಯಿತು. ಅಂಗಡಿಗಳಲ್ಲಿ ಇದು ಸುಲಭಕ್ಕೆ ಸಿಗುವುದಿಲ್ಲ, ಆನ್‌ಲೈನಿನಲ್ಲೇ ಹುಡುಕಬೇಕು.

ಫೋನ್ ವಿಷಯಕ್ಕೆ ಬಂದರೆ, ಗಂಡಸರಿಗೆ ಅದು ಪುಕ್ಕಟೆ ಪೆಡೋಮೀಟರ್. ಪ್ಯಾಂಟಿನ ಜೇಬಿನಲ್ಲಿದ್ದರೆ ತೊಡೆಯ ಜೊತೆಗೇ ಅಲುಗುತ್ತದೆ, ಲೆಕ್ಕ ಚೆನ್ನಾಗಿರುತ್ತದೆ. ಆಂಡ್ರಾಯ್ಡ್ ಫೋನಾದರೆ ಆ್ಯಪ್‌ಗೆ ದೈಹಿಕ ಚಟುವಟಿಕೆಯ ಅನುಮತಿ ಕೊಟ್ಟಿರಬೇಕು, ಅದು ಕೊಡದೆ ಎಣಿಸುತ್ತಿಲ್ಲ ಅಂತ ಬೈಯುವವರೇ ಜಾಸ್ತಿ. ಆದರೆ ನಮ್ಮ ಚೂಡಿದಾರಿಗೆ ಜೇಬು ಎಲ್ಲಿದೆ? ಫೋನ್ ವ್ಯಾನಿಟಿ ಬ್ಯಾಗಿನಲ್ಲಿ, ಮನೆಗೆ ಬಂದರೆ ಟೇಬಲ್ ಮೇಲೆ. ಆಫೀಸಿನಲ್ಲಿ ನೀರು ತರಲು, ಊಟಕ್ಕೆ, ಮೇಲಿನ ಮಹಡಿಗೆ ಹೋಗುವ ಓಡಾಟ ಅದಕ್ಕೆ ಕಾಣುವುದೇ ಇಲ್ಲ. ಹೆಂಗಸರಿಗೆ ಫೋನ್ ಸಾಕು ಅನ್ನುವ ಸಲಹೆ ನನಗೆ ಒಪ್ಪಿಗೆ ಇಲ್ಲ.

ಇಷ್ಟೆಲ್ಲಾ ಹೇಳಿಯೂ ನಾನು ಕಟ್ಟಿಕೊಂಡಿರುವುದು ಬ್ಯಾಂಡನ್ನೇ. ನನ್ನದು ಕೂತು ಮಾಡುವ ಕೆಲಸ. ತುಂಬಾ ಹೊತ್ತು ಅಲ್ಲಾಡದೆ ಕೂತರೆ ಅದು ಕೈಯಲ್ಲಿ ಗುಂಯ್ ಅನ್ನುತ್ತದೆ, ನಾನು ಎದ್ದು ಕಾರಿಡಾರಿನಲ್ಲಿ ಒಂದು ಸುತ್ತು ಹಾಕುತ್ತೇನೆ. ಈ ಒಂದು ಗುಣ ಉಳಿದೆರಡರಲ್ಲಿ ನನಗೆ ಸಿಗಲಿಲ್ಲ. ಲೆಕ್ಕ ಆಚೆ ಈಚೆ ಆದರೂ ಪರವಾಗಿಲ್ಲ, ದಿನಾ ಒಂದೇ ಕೈಗೆ ಕಟ್ಟಿದರೆ ನಿನ್ನೆಗಿಂತ ಇವತ್ತು ಹೆಚ್ಚೋ ಕಮ್ಮಿಯೋ ಅನ್ನುವುದು ತಿಳಿಯುತ್ತದೆ. ಎರಡು ಮೂರು ಸಾವಿರ ರೂಪಾಯಿಯ ಬ್ಯಾಂಡೇ ಇದಕ್ಕೆ ಧಾರಾಳ. ಸ್ಟ್ರ್ಯಾಪ್ ಕೆಳಗೆ ಬೆವರು ನಿಂತು ಚರ್ಮ ಕೆಂಪಾಗುತ್ತದೆ, ದಿನಾ ತೊಳೆದು ಒರೆಸಬೇಕು.

ಗುರಿಯ ಬಗ್ಗೆ ಒಂದು ಮಾತು. ಹೊಸ ಬ್ಯಾಂಡ್ ಕಟ್ಟಿದರೆ ಎಷ್ಟೋ ಸಲ ಅದು 10,000 ಹೆಜ್ಜೆ ಕೇಳುತ್ತದೆ. ಈ ಅಂಕಿ ಡಾಕ್ಟರರ ಸಂಶೋಧನೆಯಿಂದ ಬಂದದ್ದಲ್ಲ. ಜಪಾನಿನಲ್ಲಿ 1965ರಲ್ಲಿ ಮಾರಾಟಕ್ಕೆ ಬಂದ 'ಮಾನ್‌ಪೊ-ಕೆಯ್' ಎಂಬ ಪೆಡೋಮೀಟರಿನ ಹೆಸರೇ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ ಸುಮಾರು 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಕಮ್ಮಿ ಇತ್ತು. 7,500ರ ಹತ್ತಿರ ಬಂದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಇದನ್ನು ಓದಿದ ಮೇಲೆ ಅಮ್ಮನ ಗುರಿಯನ್ನು ಇಳಿಸಿದೆವು. ಈಗ ಅವರು ಸಂಜೆ ಅಂಕಿ ಮುಟ್ಟಿಸಬೇಕು ಅಂತ ನೋಯುವ ಮಂಡಿಯಲ್ಲಿ ಹಾಲಿನೊಳಗೆ ಸುತ್ತುವುದಿಲ್ಲ.

ಅಂಕಿಯ ಜೊತೆಗೆ ವೇಗವನ್ನೂ ನೋಡಿ. ದೊಡ್ಡವರಲ್ಲಿ ನಿಮಿಷಕ್ಕೆ 100 ಹೆಜ್ಜೆಯ ಆಸುಪಾಸು ನಡೆದರೆ ಅದನ್ನು ಮಧ್ಯಮ ಬಿರುಸಿನ ವ್ಯಾಯಾಮ ಅಂತ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೆಜ್ಜೆ ಲೆಕ್ಕವನ್ನಲ್ಲ, ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ವ್ಯಾಯಾಮ. ಇದಕ್ಕೆ ಗಡಿಯಾರ ಇರುವ ಬ್ಯಾಂಡೇ ಅನುಕೂಲ.

ನಾಡಿ, ನಿದ್ದೆ, ಆಮ್ಲಜನಕ ಅಂತ ಬ್ಯಾಂಡು ಏನೇನೋ ತೋರಿಸುತ್ತದೆ. ಹೆಜ್ಜೆಗಾಗಿ ಕೊಳ್ಳುವವರು ಅದಕ್ಕೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಎದೆನೋವು, ತಲೆಸುತ್ತು ಬಂದಾಗ ಬ್ಯಾಂಡ್ ನೋಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ತುಂಬಾ ನಿಧಾನಕ್ಕೆ ನಡೆಯುವ ಹಿರಿಯರಿಗೆ, ವಾಕರ್ ಹಿಡಿದು ನಡೆಯುವವರಿಗೆ ಕೊಡಿಸುವುದಾದರೆ ಕೈಗೂ ಬೇಡ, ಸೊಂಟಕ್ಕೂ ಬೇಡ. ಅವರ ಹೆಜ್ಜೆ ಎಷ್ಟು ಮೆತ್ತಗೆ ಬೀಳುತ್ತದೆ ಅಂದರೆ ಎರಡೂ ಕಡೆ ಅಲುಗಾಟವೇ ಸಾಲುವುದಿಲ್ಲ. ಬ್ಯಾಂಡಿನ ಸ್ಟ್ರ್ಯಾಪ್ ಉದ್ದವಿದ್ದರೆ ಕಾಲಿನ ಹರಡಿಗೆ ಕಟ್ಟಿ, ಇಲ್ಲದಿದ್ದರೆ ಕಾಲುಚೀಲದೊಳಗೆ ಸಿಕ್ಕಿಸಿ, ಬಿಗಿಯಾಗದ ಹಾಗೆ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರಿಗೆ, ಕಾಲು ಊದುವವರಿಗೆ ಮಾತ್ರ ಅಲ್ಲಿ ಕಟ್ಟಬೇಡಿ.